ದೊಡ್ಡ ನಂಬರ್ ಹಾಕಿದ್ರೆ ಗಾಡಿ ಓಡುತ್ತಾ? ಹಿಂದಿನ ಆಕ್ಸಲ್ ಬಗ್ಗೆ ಒಂದಿಷ್ಟು ಲೆಕ್ಕ, ಒಂದಿಷ್ಟು ತಕರಾರು

ನಮ್ಮ ಕ್ಯಾಂಟೀನ್‌ನಲ್ಲಿ ಗಾಡಿಗಳ ಬಗ್ಗೆ ಮಾತು ಶುರುವಾದರೆ ಎರಡು ನಂಬರ್ ಬಂದೇ ಬರುತ್ತವೆ. ಪವರ್ ಎಷ್ಟು, ಟಾಪ್ ಸ್ಪೀಡ್ ಎಷ್ಟು. ಸ್ವಲ್ಪ ಹೆಚ್ಚು ತಿಳಿದುಕೊಂಡವರು ಆ ಗುಂಪಿನಲ್ಲಿದ್ದರೆ ಮೂರನೇ ನಂಬರ್ ಒಂದು ಬರುತ್ತೆ, ಅದೇ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ. ‘ಸ್ಟಾಕ್ 2.73 ಕಿತ್ತು ಬಿಸಾಕಿ 3.73 ಹಾಕು, ಗಾಡಿ ಹಾರುತ್ತೆ’ ಅಂತ ಅಮೆರಿಕದ ಮಸಲ್ ಕಾರ್ ಪ್ರೇಮಿಗಳು ದಶಕಗಳಿಂದ ಹೇಳುತ್ತಾ ಬಂದ ಮಾತು ಈಗ ವಿಡಿಯೋಗಳ ಮೂಲಕ ನಮ್ಮ ಹುಡುಗರ ಬಾಯಲ್ಲೂ ಇದೆ. ಬೈಕ್ ಇಟ್ಟುಕೊಂಡವರಿಗೆ ಇದೇ ಮಾತಿನ ಚಿಕ್ಕ ತಮ್ಮ ಗೊತ್ತು: ‘ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಮ್ಮಿ ಮಾಡು, ಪಿಕಪ್ ನೋಡು.’

ನನ್ನ ತಕರಾರು ಇಷ್ಟೇ. ಆಕ್ಸಲ್ ಅನುಪಾತ ಗಾಡಿಗೆ ಒಂದು ಅಶ್ವಶಕ್ತಿಯನ್ನೂ ಸೇರಿಸೋದಿಲ್ಲ. ಇರೋ ಶಕ್ತಿಯನ್ನ ಯಾವ ವೇಗದಲ್ಲಿ ಖರ್ಚು ಮಾಡಬೇಕು ಅಂತ ಅದು ತೀರ್ಮಾನ ಮಾಡುತ್ತೆ, ಅಷ್ಟೇ. ಹಾಗಾಗಿ ‘ಒಳ್ಳೆ ಅನುಪಾತ’ ಅನ್ನೋದೇ ಇಲ್ಲ. ಈ ಟೈರಿಗೆ, ಈ ಗೇರ್‌ಬಾಕ್ಸಿಗೆ, ಈ ಕೆಲಸಕ್ಕೆ ಒಪ್ಪುವ ಅನುಪಾತ ಅಂತ ಒಂದು ಇರುತ್ತೆ. ಅದನ್ನ ಕೇಳಿ ತಿಳಿಯೋಕೆ ಆಗಲ್ಲ, ಲೆಕ್ಕ ಹಾಕಿಯೇ ತಿಳಿಯಬೇಕು. ಲೆಕ್ಕ ಹೈಸ್ಕೂಲ್ ಮಟ್ಟದ್ದು. ಆದರೂ ಎಂಜಿನಿಯರಿಂಗ್ ಓದುತ್ತಿರುವ ನಾವೇ ಅದನ್ನ ಬಿಟ್ಟು ಬೇರೆಯವರ ನಂಬರ್ ಎತ್ತಿಕೊಳ್ಳುತ್ತೀವಿ ಅನ್ನೋದು ನನ್ನ ಬೇಜಾರು.

ಮೊದಲು ನಂಬರ್ ಅಂದರೆ ಏನು

ಬೇರೆ ಬ್ರಾಂಚ್‌ನವರೂ ಓದುತ್ತಿರುತ್ತಾರೆ, ಹಾಗಾಗಿ ಎರಡು ಮಾತು. ಹಿಂದಿನ ಚಕ್ರದ ಡ್ರೈವ್ ಇರುವ ಕಾರಿನಲ್ಲಿ ಗೇರ್‌ಬಾಕ್ಸಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಒಂದು ಚಿಕ್ಕ ಪಿನಿಯನ್ ಇರುತ್ತೆ. ಅದು ದೊಡ್ಡ ರಿಂಗ್ ಗೇರನ್ನ ತಿರುಗಿಸುತ್ತೆ. ರಿಂಗ್ ಗೇರ್ ಡಿಫರೆನ್ಷಿಯಲ್ ಮೂಲಕ ಎರಡೂ ಚಕ್ರಗಳನ್ನ ತಿರುಗಿಸುತ್ತೆ. ರಿಂಗ್‌ಗೆ 41 ಹಲ್ಲು, ಪಿನಿಯನ್‌ಗೆ 11 ಹಲ್ಲು ಇದ್ದರೆ 41ನ್ನ 11ರಿಂದ ಭಾಗಿಸಿ, 3.73. ಪಿನಿಯನ್‌ಗೆ 10 ಹಲ್ಲಾದರೆ 4.10. ರಿಂಗ್‌ಗೆ 39, ಪಿನಿಯನ್‌ಗೆ 11 ಆದರೆ 3.55. ಈ ನಂಬರ್‌ಗಳು ಯಾಕೆ 3.5, 4.0 ಅಂತ ನುಣ್ಣಗೆ ಇರಲ್ಲ ಅಂತ ಕೆಲವರಿಗೆ ಅನುಮಾನ. ಹಲ್ಲುಗಳ ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇಲ್ಲದ ಹಾಗೆ ಆರಿಸುತ್ತಾರೆ. ಆಗ ಪಿನಿಯನ್‌ನ ಪ್ರತಿ ಹಲ್ಲೂ ರಿಂಗ್‌ನ ಪ್ರತಿ ಹಲ್ಲನ್ನೂ ಸರದಿ ಪ್ರಕಾರ ಭೇಟಿಯಾಗುತ್ತೆ, ಸವೆತ ಎಲ್ಲಾ ಕಡೆ ಸಮನಾಗಿ ಹಂಚಿಹೋಗುತ್ತೆ. ಅದೇ ಎರಡು ಹಲ್ಲು ದಿನಾ ಜಗಳ ಆಡೋದು ತಪ್ಪುತ್ತೆ.

3.73 ಅಂದರೆ ಶಾಫ್ಟ್ 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ವೇಗ ಅಷ್ಟು ಪಟ್ಟು ಕಡಿಮೆ, ಟಾರ್ಕ್ ಅಷ್ಟು ಪಟ್ಟು ಹೆಚ್ಚು. ಪವರ್ ಮಾತ್ರ ಅಲ್ಲಿಗಲ್ಲಿಗೇ. ಅದರಲ್ಲೂ ಹಲ್ಲು ಉಜ್ಜೋ ನಷ್ಟ ಬೇರೆ ಹೋಗುತ್ತೆ.

ಒಂದು ಕಾರು, ಮೂರು ನಂಬರ್

ಬರೀ ತತ್ವ ಹೇಳಿದರೆ ಯಾರೂ ಒಪ್ಪಲ್ಲ. ಹಾಗಾಗಿ ಈ ‘3.73 ಹಾಕು’ ಅನ್ನೋ ಉಪದೇಶ ಯಾವ ಕಾರಿಗೆ ಅತಿ ಹೆಚ್ಚು ಸಿಕ್ಕಿದೆಯೋ ಅದನ್ನೇ ತಗೊಳ್ಳೋಣ. 1979ರಿಂದ 1993ರವರೆಗೆ ಬಂದ, ಫಾಕ್ಸ್ ಬಾಡಿ ಅಂತ ಹೆಸರಾದ ಫೋರ್ಡ್ ಮಸ್ಟಾಂಗ್. ಅದರಲ್ಲೂ 1991-92ರ 5.0 ವಿ8, ಐದು ಗೇರಿನ ಮ್ಯಾನುಯಲ್. ಎಂಜಿನ್ 4,200 ಆರ್‌ಪಿಎಂನಲ್ಲಿ 225 ಅಶ್ವಶಕ್ತಿ ಕೊಡುತ್ತೆ, ಟಾರ್ಕ್ 3,000ದ ಆಸುಪಾಸಿನಲ್ಲಿ ಸುಮಾರು 407 ನ್ಯೂಟನ್ ಮೀಟರ್. ಟಿ-5 ಗೇರ್‌ಬಾಕ್ಸಿನ ಅನುಪಾತಗಳು 3.35, 1.99, 1.33, 1.00, 0.68. ಕಂಪನಿಯಿಂದ ಬರುತ್ತಿದ್ದ ಆಕ್ಸಲ್ 2.73. ಆಪ್ಷನ್ ಆಗಿ 3.08 ಸಿಗುತ್ತಿತ್ತು. 3.55, 3.73, 4.10 ಎಲ್ಲಾ ಮಾಲೀಕರು ಆಮೇಲೆ ಹಾಕಿಸಿಕೊಂಡವು.

ಟೈರ್ 225/55 ಆರ್16. ಹೊರಗಿನ ವ್ಯಾಸ ಸುಮಾರು 654 ಮಿಲಿಮೀಟರ್, ಅಂದರೆ ಒಂದು ಸುತ್ತಿಗೆ 2.05 ಮೀಟರ್. ಭಾರ ಬಿದ್ದಾಗ ಟೈರ್ ಸ್ವಲ್ಪ ಅಮುಕಿಕೊಳ್ಳುತ್ತೆ, ಆದರೆ ನಮ್ಮ ಹೋಲಿಕೆಗೆ ಇಷ್ಟು ಸಾಕು. ಗಂಟೆಗೆ 100 ಕಿ.ಮೀ. ಹೋಗುವಾಗ ಈ ಚಕ್ರ ನಿಮಿಷಕ್ಕೆ 813 ಸುತ್ತು ಹೊಡೆಯುತ್ತೆ. ಇನ್ನು ಮುಂದೆ ಬರೀ ಗುಣಾಕಾರ, ಭಾಗಾಕಾರ.

ಡ್ರೈವರ್ 5,000 ಆರ್‌ಪಿಎಂಗೆ ಗೇರ್ ಬದಲಿಸುತ್ತಾನೆ ಅಂತ ಇಟ್ಟುಕೊಳ್ಳಿ. ಪ್ರತಿ ಗೇರ್ ಎಷ್ಟು ವೇಗದವರೆಗೆ ಹೋಗುತ್ತೆ ನೋಡೋಣ.

2.73 ಆಕ್ಸಲ್: ಒಂದನೇ ಗೇರ್ 67 ಕಿ.ಮೀ., ಎರಡನೇದು 113, ಮೂರನೇದು 169.
3.08 ಆಕ್ಸಲ್: ಒಂದನೇ ಗೇರ್ 60 ಕಿ.ಮೀ., ಎರಡನೇದು 100, ಮೂರನೇದು 150.
3.73 ಆಕ್ಸಲ್: ಒಂದನೇ ಗೇರ್ 49 ಕಿ.ಮೀ., ಎರಡನೇದು 83, ಮೂರನೇದು 124.

3.73 ಹಾಕಿದಾಗ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಹೋಗುವ ಟಾರ್ಕ್ 37 ಶೇಕಡಾ ಹೆಚ್ಚಾಗುತ್ತೆ. ಇದು ನಿಜ, ಇಷ್ಟನ್ನೇ ಎಲ್ಲರೂ ಹೇಳೋದು. ಆದರೆ ಪ್ರತಿ ಗೇರೂ ಬೇಗ ಮುಗಿದು ಹೋಗುತ್ತೆ ಅನ್ನೋದನ್ನ ಹೇಳಲ್ಲ. ಗೇರ್‌ಗೆ ಗೇರ್ ಹೋಲಿಸಬಾರದು, ವೇಗಕ್ಕೆ ವೇಗ ಹೋಲಿಸಬೇಕು. ರಸ್ತೆಗೆ ನೀವು ಯಾವ ಗೇರಲ್ಲಿದ್ದೀರಿ ಅನ್ನೋದು ಗೊತ್ತಿಲ್ಲ, ಎಷ್ಟು ವೇಗದಲ್ಲಿದ್ದೀರಿ ಅನ್ನೋದು ಮಾತ್ರ ಗೊತ್ತು.

ಹಾಗೆ ಹೋಲಿಸಿ ನೋಡಿ. ಸೊನ್ನೆಯಿಂದ 49ರವರೆಗೆ ಎರಡೂ ಕಾರು ಒಂದನೇ ಗೇರಲ್ಲಿರುತ್ತವೆ, 3.73 ಮುಂದೆ. 49 ದಾಟಿದ ಕೂಡಲೇ 3.73 ಕಾರು ಎರಡನೇ ಗೇರಿಗೆ ಬರಬೇಕು. ಅಲ್ಲಿ ಒಟ್ಟು ಅನುಪಾತ 1.99 ಗುಣಿಸು 3.73, ಅಂದರೆ 7.42. ಪಕ್ಕದ 2.73 ಕಾರು ಇನ್ನೂ ಒಂದನೇ ಗೇರಲ್ಲೇ, 9.15ರಲ್ಲಿ ಎಳೀತಾ ಇದೆ. 67ರವರೆಗೆ ಸ್ಟಾಕ್ ಕಾರಿನ ಒಟ್ಟು ಅನುಪಾತವೇ ಹೆಚ್ಚು! 67ರಿಂದ 83ರವರೆಗೆ ಮತ್ತೆ 3.73ರ ಸರದಿ. 83ರಿಂದ 113ರವರೆಗೆ ಅದು ಮೂರನೇ ಗೇರಿಗೆ ಹೋಗಿ 4.96ಕ್ಕೆ ಇಳಿದಿರುತ್ತೆ, ಸ್ಟಾಕ್ ಕಾರು ಎರಡನೇದರಲ್ಲೇ 5.43ರಲ್ಲಿ ಇರುತ್ತೆ. ಮತ್ತೆ ಸ್ಟಾಕ್ ಸ್ವಲ್ಪ ಮುಂದೆ. 113ರಿಂದ 124ರವರೆಗೆ 3.73. ಅದರ ನಂತರ ಒಂದರದ್ದು ನಾಲ್ಕನೇ ಗೇರ್, ಇನ್ನೊಂದರದ್ದು ಮೂರನೇ ಗೇರ್. ಒಟ್ಟು ಅನುಪಾತ 3.73 ಮತ್ತು 3.63, ಹೆಚ್ಚು ಕಮ್ಮಿ ಒಂದೇ.

ಹಾವು ಏಣಿ ಆಟದ ಹಾಗಿದೆ ಅಲ್ವಾ? ಕಾರಣ ಸರಳ. ಒಂದು ವೇಗದಲ್ಲಿ ಕಾರು ಎಷ್ಟು ಜೋರಾಗಿ ಮುನ್ನುಗ್ಗಬಹುದು ಅನ್ನೋದಕ್ಕೆ ಮಿತಿ ಹಾಕೋದು ಎಂಜಿನ್ನಿನ ಪವರ್. ಅನುಪಾತ ಯಾವುದೇ ಇರಲಿ, ಆ ವೇಗದಲ್ಲಿ ಎಂಜಿನ್ 4,200ರ ಹತ್ತಿರ ಇದ್ದರೆ ಪೂರ್ತಿ ಪವರ್ ಸಿಗುತ್ತೆ, ದೂರ ಇದ್ದರೆ ಸಿಗಲ್ಲ. ಆಕ್ಸಲ್ ಬದಲಿಸಿದಾಗ ಆ ಒಳ್ಳೆ ಜಾಗಗಳು ವೇಗದ ಪಟ್ಟಿಯ ಮೇಲೆ ಅತ್ತಿತ್ತ ಸರಿಯುತ್ತವೆ, ಹೊಸದಾಗಿ ಹುಟ್ಟೋದಿಲ್ಲ.

ಇನ್ನೊಂದು ವಿಷಯ. ಸೊನ್ನೆಯಿಂದ 100 ಮುಟ್ಟೋಕೆ 2.73 ಕಾರಿಗೆ ಒಂದೇ ಸಲ ಗೇರ್ ಬದಲಿಸಿದರೆ ಸಾಕು. 3.73 ಕಾರಿಗೆ ಎರಡು ಸಲ. ಕ್ಲಚ್ ಒತ್ತಿದ ಆ ಕ್ಷಣದಲ್ಲಿ ಚಕ್ರಕ್ಕೆ ಹೋಗುವ ಪವರ್ ಸೊನ್ನೆ. ಕೈ ಎಷ್ಟೇ ಚುರುಕಾಗಿದ್ದರೂ ಆ ಸಮಯ ವಾಪಸ್ ಬರಲ್ಲ.

ಹಾಗಾದರೆ ಮೊದಲ 49 ಕಿ.ಮೀ.?

ಅಲ್ಲಿ 3.73 ಗೆಲ್ಲುತ್ತಲ್ಲಾ ಅಂತ ಕೇಳಬಹುದು. ಗೆಲ್ಲಬೇಕಾದರೆ ಟೈರ್ ಒಪ್ಪಬೇಕು. ಈ ಕಾರಿನ ತೂಕ ಸುಮಾರು 1,450 ಕೆ.ಜಿ. ಮುಂದೆ ಭಾರದ ವಿ8 ಕೂತಿರೋದರಿಂದ ಹಿಂದಿನ ಚಕ್ರಗಳ ಮೇಲೆ ಅರ್ಧಕ್ಕಿಂತ ಕಡಿಮೆ ತೂಕ. ಕಾರು ಮುನ್ನುಗ್ಗುವಾಗ ಒಂದಿಷ್ಟು ಭಾರ ಹಿಂದಕ್ಕೆ ವಾಲುತ್ತೆ, ಅದನ್ನೂ ಸೇರಿಸಿಕೊಳ್ಳಿ. ಮಾಮೂಲಿ ರಸ್ತೆ ಟೈರಿನ ಹಿಡಿತವನ್ನ ಉದಾರವಾಗಿ ಲೆಕ್ಕ ಹಾಕಿದರೂ ಹಿಂದಿನ ಎರಡು ಟೈರ್ ಸೇರಿ ರಸ್ತೆಯನ್ನ ಹಿಂದಕ್ಕೆ ತಳ್ಳಬಲ್ಲದ್ದು ಏಳು ಸಾವಿರ ನ್ಯೂಟನ್ ಆಸುಪಾಸು.

ಎಂಜಿನ್ ಕಡೆಯಿಂದ ನೋಡಿ. 407 ನ್ಯೂಟನ್ ಮೀಟರ್ ಟಾರ್ಕನ್ನ 9.15ರಿಂದ ಗುಣಿಸಿ, ಚಕ್ರದ ತ್ರಿಜ್ಯ 0.327 ಮೀಟರ್‌ನಿಂದ ಭಾಗಿಸಿ, ನಷ್ಟಕ್ಕೆ ಅಂತ 15 ಶೇಕಡಾ ಕಳೆಯಿರಿ. ಒಂಬತ್ತೂವರೆ ಸಾವಿರ ನ್ಯೂಟನ್ ಮೀರುತ್ತೆ. ಅಂದರೆ ‘ಸತ್ತ ಗೇರ್’ ಅಂತ ಬೈಸಿಕೊಳ್ಳೋ 2.73 ಆಕ್ಸಲ್ಲೇ ಒಂದನೇ ಗೇರಲ್ಲಿ ಟೈರನ್ನ ಸುಡಬಲ್ಲದು. 3.73 ಹಾಕಿದರೆ ಅದು 13 ಸಾವಿರ ದಾಟುತ್ತೆ. ಆ ಹೆಚ್ಚುವರಿ ಬಲ ಎಲ್ಲಿ ಹೋಗುತ್ತೆ? ಹೊಗೆಯಾಗಿ. ಬಿಂದಿಗೆ ಆಗಲೇ ತುಂಬಿ ತುಳುಕುತ್ತಿರುವಾಗ ನಲ್ಲಿ ಇನ್ನಷ್ಟು ತಿರುಗಿಸಿದರೆ ಏನು ಲಾಭ?

ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಮೃದು ಸ್ಲಿಕ್ ಟೈರ್ ಹಾಕಿ ಓಡಿಸುವವರ ಕಥೆ ಬೇರೆ. ಅವರ ಟೈರ್ ಹಿಡಿದುಕೊಳ್ಳುತ್ತೆ, ಹಾಗಾಗಿ ಮೊದಲ ಕೆಲವು ಮೀಟರ್‌ಗಳಲ್ಲಿ 3.73, 4.10ರ ಲಾಭ ನಿಜವಾಗಿಯೂ ಕೈಗೆ ಸಿಗುತ್ತೆ. ಈ ನಂಬರ್‌ಗಳ ಖ್ಯಾತಿ ಹುಟ್ಟಿದ್ದೂ ಅಲ್ಲೇ. ನಮ್ಮ ತಪ್ಪೇನು ಅಂದರೆ ಸ್ಟ್ರಿಪ್‌ನ ಉತ್ತರವನ್ನ ರಸ್ತೆಯ ಪ್ರಶ್ನೆಗೆ ಅಂಟಿಸೋದು. ಅಲ್ಲೂ ಒಂದು ಸೂಕ್ಷ್ಮ ಇದೆ. 654 ಮಿಲಿಮೀಟರ್ ಟೈರ್ ತೆಗೆದು 28 ಇಂಚಿನ, ಅಂದರೆ 711 ಮಿಲಿಮೀಟರ್ ಸ್ಲಿಕ್ ಹಾಕಿದರೆ 3.73 ಆಕ್ಸಲ್ ಹಳೇ ಟೈರಿನ ಮೇಲಿನ 3.43ರ ಹಾಗೆ ನಡೆದುಕೊಳ್ಳುತ್ತೆ. ಟೈರ್ ಸೈಜ್ ಹೇಳದೆ ಆಕ್ಸಲ್ ನಂಬರ್ ಮಾತ್ರ ಹೇಳುವವರ ಮಾತು ಅರ್ಧ ಮಾತು.

ಈಗ ಪಟ್ಟಿಯಲ್ಲಿ ಮಧ್ಯದ ಸಾಲನ್ನ ಮತ್ತೆ ನೋಡಿ. 3.08ರಲ್ಲಿ ಎರಡನೇ ಗೇರ್ ಸರಿಯಾಗಿ 100ಕ್ಕೆ ಮುಗಿಯುತ್ತೆ. ಹಾಗಾಗಿ ಒಂದೇ ಬದಲಾವಣೆಯಲ್ಲಿ ನೂರು. ಮೂರನೇ ಗೇರ್ 150ಕ್ಕೆ ಮುಗಿಯುತ್ತೆ. ಈ ಕಾರು 400 ಮೀಟರ್ ಓಟ ಮುಗಿಸೋದು ಸುಮಾರು ಅದೇ ವೇಗದಲ್ಲಿ, ಅಂದರೆ ನಾಲ್ಕನೇ ಗೇರಿಗೆ ಕೈ ಹಾಕೋ ಕೆಲಸವೇ ಹೆಚ್ಚು ಕಮ್ಮಿ ತಪ್ಪುತ್ತೆ. ಹೆದ್ದಾರಿಯಲ್ಲಿ 100ರಲ್ಲಿ ಐದನೇ ಗೇರ್ ಹಾಕಿದರೆ ಎಂಜಿನ್ ಬರೀ 1,700. ರಸ್ತೆ ಟೈರಿನ ಮೇಲೆ ಈ ಕಾರಿಗೆ ನನ್ನ ಓಟು 3.08ಕ್ಕೆ. ಕಂಪನಿ ಆಪ್ಷನ್ ಪಟ್ಟಿಯಲ್ಲೇ ಇದ್ದ ಈ ನಂಬರ್ ಬಗ್ಗೆ ಹೆಚ್ಚು ಜನ ಕುಣಿದಾಡಲಿಲ್ಲ. ದೊಡ್ಡ ನಂಬರ್ ಅಲ್ಲವಲ್ಲ, ಅದಕ್ಕೇ.

ಮತ್ತೆ ಎಲ್ಲರಿಗೂ ಫಾಸ್ಟ್ ಅನ್ಸೋದು ಯಾಕೆ?

ಇಲ್ಲಿ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. 3.73 ಹಾಕಿಸಿಕೊಂಡವರೆಲ್ಲ ಸುಳ್ಳು ಹೇಳುತ್ತಿಲ್ಲ. ದಿನನಿತ್ಯ ಯಾರೂ 5,000ದವರೆಗೆ ಎಳೆದು ಗೇರ್ ಬದಲಿಸಲ್ಲ. ನಾಲ್ಕನೇ ಗೇರಲ್ಲಿ 60ರಲ್ಲಿ ಹೋಗ್ತಾ ಇದ್ದು ಮುಂದಿನ ಲಾರಿ ದಾಟಬೇಕು ಅಂತ ಕಾಲು ಒತ್ತಿದಾಗ, ಗೇರ್ ಇಳಿಸದೇನೇ ಗಾಡಿ 37 ಶೇಕಡಾ ಜೋರಾಗಿ ಎಳೆಯುತ್ತೆ. ಬೆನ್ನಿಗೆ ಸೀಟು ಒತ್ತುತ್ತೆ. ಈ ಸುಖ ನಿಜವಾದದ್ದು, ನಾನು ಅಲ್ಲಗಳೆಯಲ್ಲ. ಆದರೆ 2.73 ಕಾರಿನವನು ಮೂರನೇ ಗೇರಿಗೆ ಇಳಿಸಿದ್ದರೆ ಅವನಿಗೂ ಹೆಚ್ಚು ಕಮ್ಮಿ ಅದೇ ಸಿಗುತ್ತಿತ್ತು. ಹಾಗಾಗಿ ಹೊಸ ಆಕ್ಸಲ್‌ಗೆ ಕೊಟ್ಟ ದುಡ್ಡಿನಲ್ಲಿ ಒಂದು ಭಾಗ ವೇಗಕ್ಕೆ ಅಲ್ಲ, ಎಡಗಾಲಿನ ಸೋಮಾರಿತನಕ್ಕೆ. ಗೊತ್ತಿದ್ದು ಕೊಟ್ಟರೆ ತಪ್ಪಿಲ್ಲ.

‘ದೊಡ್ಡ ನಂಬರ್ ಹಾಕಿದರೆ ಟಾಪ್ ಸ್ಪೀಡ್ ಬಿದ್ದುಹೋಗುತ್ತೆ’ ಅನ್ನೋ ವಿರುದ್ಧ ದಿಕ್ಕಿನ ನಂಬಿಕೆಯೂ ಲೆಕ್ಕದ ಮುಂದೆ ನಿಲ್ಲಲ್ಲ. ಗಂಟೆಗೆ 220 ಕಿ.ಮೀ. ಅಂತ ಒಂದು ವೇಗ ಇಟ್ಟುಕೊಳ್ಳಿ. 2.73 ಕಾರು ಅದನ್ನ ನಾಲ್ಕನೇ ಗೇರಲ್ಲಿ ಸುಮಾರು 4,880 ಆರ್‌ಪಿಎಂನಲ್ಲಿ ಮಾಡಬೇಕು. ಐದನೇ ಗೇರಲ್ಲಿ ಎಂಜಿನ್ 3,300ಕ್ಕೆ ಬಿದ್ದು, ಗಾಳಿಯನ್ನ ಸೀಳೋಕೆ ಬೇಕಾದ ಪವರ್ ಸಿಗಲ್ಲ. 3.73 ಕಾರು ಅದೇ ವೇಗವನ್ನ ಐದನೇ ಗೇರಲ್ಲಿ 4,540ರ ಹತ್ತಿರ ಮಾಡುತ್ತೆ, ಪವರ್ ಶಿಖರಕ್ಕೆ ಇನ್ನೂ ಹತ್ತಿರ. 3.73 ಗುಣಿಸು 0.68 ಅಂದರೆ 2.54, ಹಳೇ ನಾಲ್ಕನೇ ಗೇರಿನ 2.73ರ ನೆರೆಮನೆ. ಈ ದೃಷ್ಟಿಯಿಂದ ನೋಡಿದರೆ 3.73 ಮಾಡಿದ ದೊಡ್ಡ ಉಪಕಾರ, ಬರೀ ಪೆಟ್ರೋಲ್ ಉಳಿಸೋಕೆ ಇದ್ದ ಐದನೇ ಗೇರನ್ನ ಕೆಲಸಕ್ಕೆ ಬರೋ ಗೇರ್ ಮಾಡಿದ್ದು. ಇದನ್ನ ವಿಡಿಯೋದವರು ಹೇಳೋದು ನಾನು ಕೇಳಿಲ್ಲ.

ಕಂಪನಿಯವರು ದಡ್ಡರಾ?

‘ಹಾಗಾದರೆ ಫೋರ್ಡ್ ಯಾಕೆ ಅಷ್ಟು ಚಿಕ್ಕ ನಂಬರ್ ಹಾಕಿತು’ ಅನ್ನೋ ಪ್ರಶ್ನೆಗೆ ಉತ್ತರ ಗೇರ್ ಪುಸ್ತಕದಲ್ಲಿಲ್ಲ, ಕಾನೂನು ಪುಸ್ತಕದಲ್ಲಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗಮಿತಿ ಹಾಕಿತು. 1987ರಲ್ಲಿ ಕೆಲವು ಹೆದ್ದಾರಿಗಳಿಗೆ 65 ಮೈಲಿ ಬಿಟ್ಟರು, ಪೂರ್ತಿ ತೆಗೆದದ್ದು 1995ರಲ್ಲಿ. 1975ರ ಇಂಧನ ಕಾಯ್ದೆ ಪ್ರತಿ ಕಂಪನಿಯ ಕಾರುಗಳ ಸರಾಸರಿ ಮೈಲೇಜಿಗೆ ಗುರಿ ಇಟ್ಟಿತು: 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.7ರಿಂದ 11.7 ಕಿ.ಮೀ. ಇಂಥಾ ಕಾಲದಲ್ಲಿ ವಿ8 ಕಾರು ಮಾರಬೇಕಾದ ಎಂಜಿನಿಯರ್ ಏನು ಮಾಡಬೇಕು? 2.73 ಆಕ್ಸಲ್, 0.68ರ ಐದನೇ ಗೇರ್. 88 ಕಿ.ಮೀ. ವೇಗದಲ್ಲಿ ಎಂಜಿನ್ ಬರೀ 1,330 ಆರ್‌ಪಿಎಂ. ಐದು ಲೀಟರಿನ ಎಂಜಿನ್ ಹೆಚ್ಚು ಕಮ್ಮಿ ನಿದ್ದೆ ಮಾಡ್ತಾ ಹೆದ್ದಾರಿ ದಾಟುತ್ತೆ.

ಅವರು ದಡ್ಡರಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ ಇತ್ತು, ಅದಕ್ಕೆ ಅವರು ಸರಿಯಾದ ಉತ್ತರ ಕೊಟ್ಟರು. ಸ್ಟಾಕ್ ಭಾಗವನ್ನ ಬೈಯೋ ಮೊದಲು ಅದು ಯಾವ ಪ್ರಶ್ನೆಗೆ ಉತ್ತರ ಅಂತ ಹುಡುಕೋದು ಎಂಜಿನಿಯರಿಂಗ್‌ನ ಮೊದಲ ಪಾಠ ಆಗಬೇಕಿತ್ತು.

ಇದಕ್ಕೆ ಹೊಸ ಕಾಲದ ಉದಾಹರಣೆ ಬೇಕಾ? 2018ರ ಮಸ್ಟಾಂಗ್‌ಗೆ ಹತ್ತು ಗೇರಿನ ಆಟೋಮ್ಯಾಟಿಕ್ ಬಂತು. ಅದರ ಜೊತೆ 3.15 ಆಕ್ಸಲ್ ಸಿಗುತ್ತಿತ್ತು. ನಂಬರ್ ಪ್ರೇಮಿಗಳು ಮೂಗು ಮುರಿಯೋ ಸಂಖ್ಯೆ. ಆದರೆ ಆ ಗೇರ್‌ಬಾಕ್ಸಿನ ಒಂದನೇ ಗೇರ್ ಸುಮಾರು 4.70. ಗುಣಿಸಿ ನೋಡಿ, 14.8. ಫಾಕ್ಸ್ ಬಾಡಿಗೆ 4.10 ಹಾಕಿದರೂ ಒಂದನೇ ಗೇರಿನ ಒಟ್ಟು ಅನುಪಾತ 13.7 ಅಷ್ಟೇ. 3.15 ಆಕ್ಸಲ್ ಹೊತ್ತ ಹೊಸ ಕಾರು 4.10 ಆಕ್ಸಲ್ ಹೊತ್ತ ಹಳೇ ಕಾರಿಗಿಂತ ಗಿಡ್ಡ ಒಂದನೇ ಗೇರ್ ಇಟ್ಟುಕೊಂಡಿದೆ! ಆಕ್ಸಲ್ ನಂಬರ್ ಒಂದನ್ನೇ ಹಿಡಿದು ಕಾರುಗಳನ್ನ ಅಳೆಯೋದು, ಕಾಲಿನ ಉದ್ದ ಮಾತ್ರ ನೋಡಿ ಓಟಗಾರನನ್ನ ಆರಿಸಿದ ಹಾಗೆ.

ಬದಲಿಸೋದು ಅಂದ್ರೆ ಬೋಲ್ಟ್ ಬಿಚ್ಚೋದಲ್ಲ

ಲೆಕ್ಕ ಹಾಕಿದ ಮೇಲೂ ಬದಲಿಸಬೇಕು ಅಂತ ಬಂದರೆ, ಅದು ಏರ್ ಫಿಲ್ಟರ್ ಬದಲಿಸಿದ ಹಾಗಲ್ಲ ಅಂತ ನೆನಪಿರಲಿ. ರಿಂಗ್ ಮತ್ತು ಪಿನಿಯನ್ ಜೋಡಿಯಾಗಿ ತಯಾರಾಗುತ್ತವೆ, ಜೋಡಿಯಾಗಿಯೇ ಹಾಕಬೇಕು. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಅಂತ ಶಿಮ್ ಇಟ್ಟು ಹೊಂದಿಸಬೇಕು. ಎರಡು ಹಲ್ಲುಗಳ ನಡುವಿನ ಸಡಿಲವನ್ನ ಡಯಲ್ ಗೇಜ್ ಇಟ್ಟು ಅಳೆಯಬೇಕು, ಅದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಲೆಕ್ಕ. ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತಾ, ಅಂಚಿಗೆ ಬೀಳುತ್ತಾ ಅಂತ ನೋಡಬೇಕು. ಅಂಚಿಗೆ ಬಿದ್ದರೆ ಹೆದ್ದಾರಿಯಲ್ಲಿ ಊಳಿಡೋ ಸದ್ದು, ಆಮೇಲೆ ಮುರಿದ ಹಲ್ಲು.

ಈ ಕಾರಿನಲ್ಲಿ ಇನ್ನೊಂದು ತಮಾಷೆ ಇದೆ. ಸ್ಪೀಡೋಮೀಟರ್‌ಗೆ ಸುದ್ದಿ ಹೋಗೋದು ಚಕ್ರದಿಂದ ಅಲ್ಲ, ಗೇರ್‌ಬಾಕ್ಸಿನ ಹಿಂಭಾಗದಿಂದ. ಅಲ್ಲಿನ ಚಿಕ್ಕ ಗೇರನ್ನೂ ಬದಲಿಸದೆ 2.73ರಿಂದ 3.73ಕ್ಕೆ ಹೋದರೆ, ಕಾರು 100ರಲ್ಲಿ ಹೋಗುವಾಗ ಮೀಟರ್ 137 ತೋರಿಸುತ್ತೆ. ಗಾಡಿ ಹಾರ್ತಾ ಇದೆ ಅಂತ ಖುಷಿಪಟ್ಟವರಲ್ಲಿ ಮೀಟರ್ ನೋಡಿ ಖುಷಿಪಟ್ಟವರು ಎಷ್ಟು ಜನ ಅಂತ ನನಗೊಂದು ಕೆಟ್ಟ ಅನುಮಾನ.

ನಮ್ಮ ವರ್ಕ್‌ಶಾಪಿಗೆ ಇದರ ಸಂಬಂಧ

ಮಸ್ಟಾಂಗ್ ನಮ್ಮ ಪಾರ್ಕಿಂಗ್‌ನಲ್ಲಿ ಇಲ್ಲ, ಸದ್ಯಕ್ಕೆ ಬರೋ ಲಕ್ಷಣವೂ ಇಲ್ಲ. ಆದರೆ ಇದೇ ಪ್ರಶ್ನೆ ಪ್ರತಿ ವರ್ಷ ನಮ್ಮಂಥ ಕಾಲೇಜುಗಳ ವರ್ಕ್‌ಶಾಪಿಗೆ ಬರುತ್ತೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ನಡೆಯೋ ಫಾರ್ಮುಲಾ ಭಾರತ್ ಥರದ ಸ್ಪರ್ಧೆಗಳಿಗೆ ಹುಡುಗರು ಹುಡುಗಿಯರು ಸೇರಿ ಬೈಕ್ ಎಂಜಿನ್ ಇಟ್ಟು ರೇಸ್ ಕಾರ್ ಕಟ್ಟುತ್ತಾರೆ. ಅಲ್ಲಿ ರಿಂಗ್, ಪಿನಿಯನ್ ಬದಲು ಚೈನ್ ಮತ್ತು ಎರಡು ಸ್ಪ್ರಾಕೆಟ್. ಹಿಂದಿನ ಆಕ್ಸಲ್ ಅನುಪಾತ ಅಂದರೆ ಅಲ್ಲಿ ಹಿಂದಿನ ಹಲ್ಲು ಭಾಗಿಸು ಮುಂದಿನ ಹಲ್ಲು. ಇಡೀ ಕಾರಿನಲ್ಲಿ ಅತಿ ಅಗ್ಗವಾಗಿ, ಒಂದು ಸಂಜೆಯಲ್ಲಿ ಬದಲಿಸಬಹುದಾದ, ಆದರೆ ಪ್ರತಿ ಸುತ್ತಿನ ಸಮಯದ ಮೇಲೂ ಕೈಯಾಡಿಸುವ ಭಾಗ ಇದು.

ಇಷ್ಟಾದರೂ ಅದನ್ನ ಆರಿಸೋ ರೀತಿ ನೋಡಿ. ‘ಹೋದ ವರ್ಷದ ಸೀನಿಯರ್ಸ್ 40 ಹಲ್ಲಿಂದು ಹಾಕಿದ್ರು.’ ‘ಆ ಕಾಲೇಜಿನವರದ್ದು 42 ಅಂತೆ.’ ಅಂತೆ, ಕಂತೆ. ಆ ಕಾಲೇಜಿನವರ ಟೈರ್ 10 ಇಂಚಿನ ರಿಮ್ಮಿಂದಾ, 13 ಇಂಚಿಂದಾ? ಅವರ ಎಂಜಿನ್ ಒಂದು ಸಿಲಿಂಡರಿಂದಾ, ನಾಲ್ಕಾ? ನಿಯಮದ ಪ್ರಕಾರ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗೋದು 20 ಮಿಲಿಮೀಟರ್ ರಿಸ್ಟ್ರಿಕ್ಟರ್ ಮೂಲಕ. ಅದು ಮೇಲಿನ ಆರ್‌ಪಿಎಂನ ಪವರನ್ನ ಕತ್ತು ಹಿಸುಕುತ್ತೆ. ಹಾಗಾಗಿ ಬೈಕ್ ಬ್ರೋಷರಿನಲ್ಲಿ ಅಚ್ಚಾದ ಪವರ್ ಶಿಖರ ನಮ್ಮ ಕಾರಿಗೆ ಅನ್ವಯಿಸೋದೇ ಇಲ್ಲ. ಅದನ್ನ ಅಳೆದು ನೋಡದೆ ಸ್ಪ್ರಾಕೆಟ್ ಆರಿಸೋದು ಕಣ್ಣು ಕಟ್ಟಿಕೊಂಡು ಚಪ್ಪಲಿ ಕೊಂಡ ಹಾಗೆ.

ಈ ಕಾರಿನ ಆಕ್ಸಿಲರೇಷನ್ ಪಂದ್ಯ 75 ಮೀಟರ್. ಉಳಿದ ಟ್ರ್ಯಾಕ್ ಪೂರ್ತಿ ತಿರುವು ಮುರುವು, ಉದ್ದ ನೇರ ದಾರಿ ಅನ್ನೋದು ಹೆಸರಿಗೆ. ಟಾಪ್ ಸ್ಪೀಡಿನ ಆಸೆಯನ್ನ ಮೊದಲೇ ಬಿಟ್ಟುಬಿಡಬಹುದು. ಮಸ್ಟಾಂಗ್ ಲೆಕ್ಕದಿಂದ ಕಲಿತದ್ದನ್ನೇ ಇಲ್ಲಿ ಹಾಕಿ. 75 ಮೀಟರ್ ಮುಗಿಯೋ ಹೊತ್ತಿಗೆ ಕಾರಿನ ವೇಗ ಎಷ್ಟಿರುತ್ತೆ ಅಂತ ಅಳೆಯಿರಿ. ಆ ವೇಗಕ್ಕೆ ಸ್ವಲ್ಪ ಮೇಲೆ ಒಂದು ಗೇರ್ ಮುಗಿಯೋ ಹಾಗೆ ಅನುಪಾತ ಇಡಿ. ಗೆರೆ ದಾಟೋಕೆ ಐದು ಮೀಟರ್ ಇರುವಾಗ ಗೇರ್ ಬದಲಿಸಬೇಕಾಗಿ ಬಂದರೆ ಆ ಸ್ಪ್ರಾಕೆಟ್ ತಪ್ಪು, ಅದು ಎಷ್ಟೇ ‘ಪಂಚಿ’ ಆಗಿದ್ದರೂ ಸರಿ. ಆಮೇಲೆ ಟ್ರ್ಯಾಕಿನ ನಿಧಾನದ ತಿರುವಿನಿಂದ ಹೊರಗೆ ಬರುವಾಗ ಎಂಜಿನ್ ಎಲ್ಲಿರುತ್ತೆ ನೋಡಿ. ಎರಡೂ ಒಟ್ಟಿಗೆ ಸಿಗದಿದ್ದರೆ ಯಾವುದಕ್ಕೆ ಹೆಚ್ಚು ಅಂಕ ಇದೆಯೋ ಆ ಕಡೆ ವಾಲಿ.

ಸ್ಪ್ರಾಕೆಟ್ ಬಗ್ಗೆ ಒಂದು ಕಿವಿಮಾತು, ಬೈಕಿನವರಿಗೂ ಸೇರಿ. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲಿಗೆ ಸಮ. ಮುಂದೆ 14ರಿಂದ 13ಕ್ಕೆ ಇಳಿಸಿದರೆ ಅನುಪಾತ 7.7 ಶೇಕಡಾ ಏರುತ್ತೆ, ಹಿಂದೆ 42ರಿಂದ 45ಕ್ಕೆ ಏರಿಸಿದರೆ 7.1 ಶೇಕಡಾ. ಹಾಗಾಗಿ ಒರಟಾಗಿ ಬದಲಿಸೋಕೆ ಮುಂದಿಂದು, ಸೂಕ್ಷ್ಮವಾಗಿ ಬದಲಿಸೋಕೆ ಹಿಂದಿಂದು. ಮುಂದಿನ ಸ್ಪ್ರಾಕೆಟ್ ತೀರಾ ಚಿಕ್ಕದಾದರೆ ಚೈನ್ ಬಿಗಿಯಾಗಿ ಬಾಗಬೇಕಾಗಿ ಬೇಗ ಸವೆಯುತ್ತೆ.

ನಾನು ಏನು ಕೇಳ್ತಾ ಇದ್ದೀನಿ

ಪರೀಕ್ಷೆಯಲ್ಲಿ ನಮಗೆ ಹಲ್ಲಿನ ಸಂಖ್ಯೆ ಕೊಟ್ಟು ವೇಗ ಕಂಡುಹಿಡಿ ಅಂತಾರೆ. ನಾವು ಕಂಡುಹಿಡಿದು ಅಂಕ ತಗೊಳ್ತೀವಿ. ‘ಈ ಕೆಲಸಕ್ಕೆ ಯಾವ ಅನುಪಾತ ಇಡ್ತೀಯ, ಯಾಕೆ?’ ಅಂತ ಯಾರೂ ಕೇಳಲ್ಲ. ಉತ್ತರ ಒಂದೇ ಅಲ್ಲದ ಪ್ರಶ್ನೆಗೆ ಅಂಕ ಕೊಡೋದು ಕಷ್ಟ, ಒಪ್ತೀನಿ. ಆದರೆ ಕೆಲಸಕ್ಕೆ ಸೇರಿದ ಮೇಲೆ ಬರೋದೆಲ್ಲ ಆ ಎರಡನೇ ಥರದ ಪ್ರಶ್ನೆಗಳೇ. ಅಲ್ಲಿ ‘ಎಲ್ಲರೂ ಇದನ್ನೇ ಹಾಕ್ತಾರೆ ಸಾರ್’ ಅಂದರೆ ನಡೆಯಲ್ಲ.

ಹಾಗಾಗಿ ನಮ್ಮ ಟೀಮುಗಳಿಗೆ ನನ್ನ ಕೋರಿಕೆ ಒಂದೇ. ಈ ಸಲದ ಡಿಸೈನ್ ರಿಪೋರ್ಟಿನಲ್ಲಿ ಫೈನಲ್ ಡ್ರೈವ್ ಅಂತ ಬರೆದ ಕಡೆ ನಂಬರ್ ಪಕ್ಕದಲ್ಲಿ ನಾಲ್ಕು ಸಾಲು ಕಾರಣ ಬರೆಯಿರಿ. ಟೈರಿನ ಸುತ್ತಳತೆ ಎಷ್ಟು, ಟೈರ್ ತಡೆದುಕೊಳ್ಳೋ ಬಲ ಎಷ್ಟು, ಪವರ್ ಎಲ್ಲಿಂದ ಎಲ್ಲಿವರೆಗೆ ಇದೆ, ಯಾವ ವೇಗದಲ್ಲಿ ಗೇರ್ ಬದಲಾಗುತ್ತೆ. ಒಂದು ಸ್ಪ್ರೆಡ್‌ಶೀಟಿನಲ್ಲಿ ಅರ್ಧ ಗಂಟೆಯ ಕೆಲಸ. ನಾಲ್ಕು ಸಾಲು ಬರೆಯೋಕೆ ಆಗದಿದ್ದರೆ ಆ ನಂಬರ್ ನಿಮ್ಮದಲ್ಲ, ಬೇರೆಯವರಿಂದ ಸಾಲ ತಂದದ್ದು.

ಇನ್ನು ಕ್ಯಾಂಟೀನ್‌ನಲ್ಲಿ ಯಾರಾದರೂ ‘ಮಗಾ, ಯಾವ ರೇಶಿಯೋ ಬೆಸ್ಟು?’ ಅಂತ ಕೇಳಿದರೆ ನಂಬರ್ ಹೇಳೋಕೆ ಹೋಗಬೇಡಿ. ‘ಟೈರ್ ಸೈಜ್ ಎಷ್ಟು?’ ಅಂತ ತಿರುಗಿ ಕೇಳಿ. ಅವನ ಹತ್ತಿರ ಉತ್ತರ ಇದ್ದರೆ ಒಂದು ಪೇಪರ್, ಪೆನ್ ತಗೊಂಡು ಇಬ್ಬರೂ ಕೂತುಕೊಳ್ಳಿ. ಟೀ ಆರೋಷ್ಟರಲ್ಲಿ ಲೆಕ್ಕ ಮುಗಿಯುತ್ತೆ.